ಮೂರನೇ ಭಾನುವಾರದ ಅಡ್ಡಿ

ನಮ್ಮಲ್ಲಿ ಹುಡುಗನೊಬ್ಬ ಮದುವೆಯಾಗಲಿ, ಪಾದ್ರಿಯಾಗಲಿ, ಮೊದಲು ಊರ ಕಿವಿಗೆ ಬೀಳಬೇಕು. ಮೂರು ಭಾನುವಾರ, ಪೂಜೆ ಮುಗಿಯುವ ಹೊತ್ತಿಗೆ, ಪಾದ್ರಿಗೆ ನೆರವಾಗುವ ಉಪದೇಶಿ ಎದ್ದು ನಿಂತು ಹೆಸರು ಓದುತ್ತಾರೆ. ಇಂಥವರ ಮಗ ಇಂಥವರ ಮಗಳನ್ನು ವರಿಸಲಿದ್ದಾನೆ, ಇಲ್ಲವೇ ಇಂಥವರ ಮಗ ಗುರುದೀಕ್ಷೆ ಪಡೆಯಲಿದ್ದಾನೆ. ಇದಕ್ಕೆ ಏನಾದರೂ ಅಡ್ಡಿ ಇರುವುದು ಯಾರಿಗಾದರೂ ಗೊತ್ತಿದ್ದರೆ ವಿಚಾರಣಾ ಗುರುಗಳಿಗೆ ತಿಳಿಸಬೇಕು. ಬುದ್ಧಿ ಬಂದಾಗಿನಿಂದ ಈ ವಾಕ್ಯ ಕೇಳಿದ್ದೇನೆ. ಯಾರೂ ಏನನ್ನೂ ತಿಳಿಸಿದ್ದಿಲ್ಲ. ಆ ವಾಕ್ಯ ಬಂತೆಂದರೆ ಇನ್ನು ಮನೆಗೆ ಹೋಗಬಹುದು ಎಂದರ್ಥ. ಹೆಂಗಸರು ಮಕ್ಕಳನ್ನು ಎಬ್ಬಿಸಿಕೊಂಡು, ಬಾಗಿಲಾಚೆಯ ಚಪ್ಪಲಿ ರಾಶಿಯಲ್ಲಿ ತಮ್ಮದು ಎಲ್ಲಿದೆ ಎಂದು ಕೂತಲ್ಲಿಂದಲೇ ನೋಡುತ್ತಾರೆ.

ಆ ವಾಕ್ಯಕ್ಕೆ ಉತ್ತರ ಕೊಟ್ಟವಳು ನನ್ನ ಅಜ್ಜಿ, ನನ್ನ ಅವ್ವನ ತಾಯಿ. ಅದು ನಡೆದು ಹತ್ತು ವರ್ಷದ ಮೇಲಾಯಿತು. ಕೊಪ್ಪಳದಲ್ಲಿ ನಾನು ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ಬಹಳ ಸಲ ನಗೆಯ ಕತೆಯಾಗಿ ಹೇಳಿದ್ದೇನೆ. ಅಲ್ಲಿ ಹೇಳುವಾಗ ಅರ್ಧಕ್ಕೆ ನಿಲ್ಲಿಸುತ್ತೇನೆ. ಪೂರ್ತಿ ಹೇಳುತ್ತಿರುವುದು ಇದೇ ಮೊದಲು.

ಗಂಗಾವತಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಕಾಲುವೆ ದಾಟಿದರೆ ನಮ್ಮ ಊರು. ಕ್ರೈಸ್ತರ ಮನೆಗಳು ಒಂದು ಓಣಿಯಷ್ಟು. ಪೂಜೆ, ಪ್ರಾರ್ಥನೆ, ಹಬ್ಬ ಎಲ್ಲ ಬೇರೆಯಾದರೂ ನೆಂಟಸ್ತಿಕೆಯ ವಿಷಯದಲ್ಲಿ ನಾವು ಊರಿನವರೇ. ಅಕ್ಕನ ಮಗಳ ಮೇಲೆ ತಮ್ಮನಿಗೆ ಮೊದಲ ಹಕ್ಕು. ತಮ್ಮನ ಮೇಲೆ ಅಕ್ಕನ ಮಗಳಿಗೂ ಅಷ್ಟೇ ಹಕ್ಕು. ಅವನು ಬೇರೆ ಕಡೆ ಹೆಣ್ಣು ತರುವುದಾದರೆ ಮೊದಲು ಅಕ್ಕನ ಮನೆಗೆ ಬಂದು, ಆ ಹುಡುಗಿಯನ್ನು ಕೇಳಿ, ಅವಳ ಬಾಯಿಂದ ‘ಆಗಲಿ’ ಅನ್ನಿಸಿಕೊಂಡು ಹೋಗಬೇಕು. ಅಜ್ಜಿ ಸ್ವತಃ ತನ್ನ ಸೋದರಮಾವನನ್ನೇ ಮದುವೆಯಾದವಳು. ಚರ್ಚಿನ ನಿಯಮದಲ್ಲಿ ಅಂಥ ಸಂಬಂಧ ಕೂಡದು, ಬಿಷಪ್ಪರ ವಿನಾಯಿತಿ ಬೇಕು. ಅಂದಿನ ಬಿಷಪ್ಪರು ಕೊಟ್ಟಿದ್ದ ಆ ವಿನಾಯಿತಿ ಪತ್ರ ಅಜ್ಜಿಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇತ್ತು.

ಅಜ್ಜಿಯ ಕೊನೆಯ ಮಗ, ನನ್ನ ಸೋದರಮಾವ, ನನಗಿಂತ ಹತ್ತು ವರ್ಷ ದೊಡ್ಡವನು. ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ಅವನ ಹೆಂಡತಿ ಎಂದು ಕಾಡಿಸುತ್ತಿದ್ದರಂತೆ. ಎಲ್ಲ ಮನೆಗಳಲ್ಲೂ ಕಾಡಿಸುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಪಿಯುಸಿ ಮುಗಿಸಿ ಅವನು ಪಾದ್ರಿಯಾಗಲು ಸೆಮಿನರಿಗೆ ಹೋದ. ಆಮೇಲೂ ಕಾಡಿಸುವುದು ನಿಲ್ಲಲಿಲ್ಲ. ನಾನು ದೊಡ್ಡವಳಾದಾಗ ಅವನು ರಜೆ ಹಾಕಿ ಬಂದು, ಸೋದರಮಾವನೇ ಹಾಕಬೇಕಾದ ಸೊಪ್ಪಿನ ಗುಡಿಸಲು ಹಾಕಿ, ಹಸಿರು ಸೀರೆ ಕೊಟ್ಟು ಹೋದ. ಸೆಮಿನರಿಯಲ್ಲಿ ಆರು ವರ್ಷ ಓದಿದವನಿಗೆ ಅಂಥ ಸೀರೆ ಕೊಟ್ಟವನು ಹುಡುಗಿಯನ್ನು ತನಗೇ ಎಂದು ಹಿಡಿದಿಟ್ಟ ಹಾಗೆ ಎಂದು ಊರು ತಿಳಿಯುತ್ತದೆ ಎಂಬುದು ಹೊಳೆಯಲಿಲ್ಲವೋ, ಹೊಳೆದರೂ ಸೋದರಮಾವ ಸೀರೆ ತರದಿದ್ದರೆ ಹೇಗೆ ಎಂದುಕೊಂಡನೋ ಗೊತ್ತಿಲ್ಲ. ಅವ್ವ ಆ ಸೀರೆಯನ್ನು ನನಗೆ ಉಡಿಸಿ ಫೋಟೋ ತೆಗೆಸಿದ್ದಳು.

ಇನ್ನು ಆ ಭಾನುವಾರ. ಎರಡನೇ ಬೆಳೆಯ ಭತ್ತ ಕೊಯ್ಲಿಗೆ ಬಂದಿದ್ದ ದಿನಗಳು. ನಾನು ಗಂಗಾವತಿಯಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಮಾವನ ಗುರುದೀಕ್ಷೆಗೆ ಒಂದು ತಿಂಗಳಿತ್ತು. ಎರಡು ಭಾನುವಾರ ಅವನ ಹೆಸರು ಓದಿಯಾಗಿತ್ತು. ಮೂರನೇ ಭಾನುವಾರ ಉಪದೇಶಿ ಒಂದೇ ಉಸಿರಿಗೆ ಹೆಸರು ಓದಿ, ಅಡ್ಡಿಯ ವಾಕ್ಯ ಮುಗಿಸಿ, ಮುಂದಿನ ವಾರ ಮಕ್ಕಳಿಗೆ ಧರ್ಮೋಪದೇಶದ ತರಗತಿ ಇರುವುದಿಲ್ಲ ಎಂದು ಶುರುಮಾಡಿದ್ದರು. ಜಮಖಾನೆಯ ಮೇಲೆ ಹೆಂಗಸರ ಮೊದಲ ಸಾಲಿನಲ್ಲಿ ಕೂತಿದ್ದ ಅಜ್ಜಿ ಮೊಣಕಾಲಿಗೆ ಕೈ ಊರಿ ಎದ್ದು ನಿಂತಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

“ಅಡ್ಡಿ ಐತ್ರಿ,” ಅಂದಳು.

ಉಪದೇಶಿ ಧರ್ಮೋಪದೇಶದ ಸುದ್ದಿಯನ್ನು ಪೂರ್ತಿ ಓದಿದ ಮೇಲೆಯೇ ನಿಂತರು. ನಮ್ಮ ವಿಚಾರಣಾ ಗುರುಗಳು, ಅಂದರೆ ಚರ್ಚಿನ ಹೊಣೆ ಹೊತ್ತ ಪಾದ್ರಿ, ಕರಾವಳಿ ಕಡೆಯವರು, ಪುಸ್ತಕದ ಕನ್ನಡ ಮಾತಾಡುವವರು, ಸಭ್ಯರು. ಯಾವುದಕ್ಕೆ ಅಮ್ಮ ಎಂದು ಕೇಳಿದರು. ತನ್ನ ಮಗ ಪಾದ್ರಿ ಆಗುವುದಕ್ಕೆ ಎಂದು ಅಜ್ಜಿ ಹೇಳಿದಳು. ಅವನಿಗೆ ಅಕ್ಕನ ಮಗಳಿದ್ದಾಳೆ, ಅವಳಿಗೆ ಸೀರೆ ಕೊಟ್ಟಿದ್ದಾನೆ, ಅಲ್ಲಿ ಕೂತಿದ್ದಾಳೆ ನೋಡಿ ಎಂದು ನನ್ನ ಕಡೆ ಕೈ ತೋರಿಸಿದಳು. ಇಡೀ ಚರ್ಚು ತಿರುಗಿ ನೋಡಿತು. ಚಪ್ಪಲಿ ಹುಡುಕಲು ಹೊರಟಿದ್ದವರು ವಾಪಸು ಕೂತರು. ನಾನು ಹಾಡಿನ ಪುಸ್ತಕದಲ್ಲಿ ಇಲ್ಲದ ಹಾಡು ಹುಡುಕತೊಡಗಿದೆ. ನನಗೆ ಸಿಟ್ಟು ಬಂದಿತ್ತು. ಅಜ್ಜಿ ನನ್ನನ್ನು ಒಂದು ಮಾತೂ ಕೇಳದೆ ಸಾಕ್ಷಿಯ ಸಾಮಾನಿನ ಹಾಗೆ ಎತ್ತಿ ತೋರಿಸಿದ್ದಳು.

ಆಮೇಲೆ ಚರ್ಚಿನ ಆಫೀಸಿನಲ್ಲಿ ಗುರುಗಳು ಅವಳಿಗೆ ತಾಳ್ಮೆಯಿಂದ ತಿಳಿಹೇಳಿದರು. ನಿಮ್ಮ ಮಗ ಹೋದ ವರ್ಷವೇ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್ ಆಗಿದ್ದಾನೆ, ಅಂದೇ ಮದುವೆಯಾಗುವುದಿಲ್ಲ ಎಂದು ಬಿಷಪ್ಪರ ಮುಂದೆ ಮಾತು ಕೊಟ್ಟಿದ್ದಾನೆ, ನೀವೂ ಬಂದಿದ್ದಿರಲ್ಲ ಎಂದರು. ಬಂದಿದ್ದೆ, ಕುರ್ಚಿ ಹಾಕಿ ಕೂಡಿಸಿದ್ದರು, ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು, ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ ಎಂದಳು ಅಜ್ಜಿ. ಇಲ್ಲಿ ನಮ್ಮ ಮಾತಿನಲ್ಲಿ ಕೇಳಿದಿರಿ, ಅದಕ್ಕೆ ಹೇಳಿದೆ. ಸೋದರಮಾವ ಮತ್ತು ಸೋದರಸೊಸೆಯ ಮದುವೆ ಚರ್ಚಿನಲ್ಲಿ ನಡೆಯುವುದೇ ಇಲ್ಲ ಎಂದು ಗುರುಗಳು ಅಂದಾಗ, ಅಜ್ಜಿ ನನ್ನ ಅವ್ವನನ್ನು ಮನೆಗೆ ಅಟ್ಟಿ ಟ್ರಂಕಿನ ವಿನಾಯಿತಿ ಪತ್ರ ತರಿಸಿದಳು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡರು.

ನಿಯಮದ ಪ್ರಕಾರ ಅಜ್ಜಿಯ ಅಡ್ಡಿಗೆ ಬಲವಿರಲಿಲ್ಲ. ಆದರೆ ಗುರುಗಳು ಬಿಷಪ್ಪರಿಗೆ ‘ಮೂರು ಸಲ ಓದಲಾಯಿತು, ಯಾರಿಂದಲೂ ಆಕ್ಷೇಪ ಬಂದಿಲ್ಲ’ ಎಂದು ಬರೆದು ಸಹಿ ಹಾಕಬೇಕಿತ್ತು. ಸುಳ್ಳು ಬರೆಯುವ ಮನುಷ್ಯ ಅವರಲ್ಲ. ಸೆಮಿನರಿಗೆ ಫೋನು ಮಾಡಿದರು. ಎರಡು ದಿನಕ್ಕೆ ಮಾವ ಬಸ್ಸು ಹತ್ತಿ ಬಂದ.

ಬಂದವನು ತಾಯಿಯ ಮೇಲೆ ರೇಗಲಿಲ್ಲ, ಅವಳನ್ನು ಒಪ್ಪಿಸಲೂ ಹೋಗಲಿಲ್ಲ. ಗುರುಗಳ ಮುಂದೆ, ನಮ್ಮೆಲ್ಲರ ಎದುರಿಗೆ ಒಂದೇ ಮಾತು ಹೇಳಿದ. “ನಮ್ಮವ್ವ ಅಡ್ಡಿ ಐತಿ ಅಂದಾಳ. ಆ ಮಾತು ಆಕಿ ಹಿಂದಕ್ಕ ತಗೊಳ್ಳೂ ಮಟ ನಾ ದೀಕ್ಷಾ ತಗೊಳ್ಳಂಗಿಲ್ರಿ.” ಹನ್ನೊಂದು ವರ್ಷ ಓದಿದವನು, ಕಾರ್ಡು ಅಚ್ಚಾಗಿದೆ, ಶಾಮಿಯಾನದವನಿಗೆ ಹೇಳಿಯಾಗಿದೆ, ಇಂಥ ಹೊತ್ತಿನಲ್ಲೂ ತಾಯಿಯ ಮಾತಿಗೆ ಎಷ್ಟು ಬೆಲೆ ಕೊಡುತ್ತಾನೆ ಎಂದು ಓಣಿಯೆಲ್ಲ ಹೊಗಳಿತು. ನಾನೂ ಹಾಗೆಯೇ ತಿಳಿದೆ.

ಆ ನಾಲ್ಕು ದಿನ ಅವನು ಮನೆಯಲ್ಲೇ ಇದ್ದ. ಬೆಳಿಗ್ಗೆ ಎದ್ದು ಕೊಯ್ಲಿನ ಗದ್ದೆಗೆ ಹೋಗಿ ಮಷೀನಿನ ಹಿಂದೆ ನಿಂತುಕೊಳ್ಳುತ್ತಿದ್ದ; ಮಧ್ಯಾಹ್ನ ಬಂದು ಉಂಡು, ಅಜ್ಜಿಯ ಪಕ್ಕದಲ್ಲಿ ಬರೀ ನೆಲದ ಮೇಲೆ ಮಲಗಿ ಗಾಢ ನಿದ್ದೆ ಮಾಡುತ್ತಿದ್ದ. ಅಜ್ಜಿ ಅವನಿಗೆ ಗಾಳಿ ಬೀಸುತ್ತ ಕೂತಿರುತ್ತಿದ್ದಳು. ನಾನು ಒಂದು ಸಂಜೆ ಅವಳನ್ನು ಹಿತ್ತಲಿಗೆ ಕರೆದು ಜಗಳ ತೆಗೆದೆ. ನನ್ನ ಹೆಸರು ಯಾಕೆ ಎಳೆದೆ, ಕಾಲೇಜಿನಲ್ಲಿ ಹುಡುಗಿಯರು ನನ್ನನ್ನು ಪಾದ್ರಿಯ ಹೆಂಡತಿ ಅನ್ನುತ್ತಿದ್ದಾರೆ ಎಂದೆ. ಅವಳು ಕೊಟ್ಟ ಕಾರಣ ಬೇರೆ. ಮಗ ಪಾದ್ರಿಯಾದರೆ ನಾಳೆಯಿಂದ ಅವನನ್ನು ‘ಬರ್ರಿ ಫಾದರ್, ಕುಂಡ್ರಿ ಫಾದರ್’ ಅನ್ನಬೇಕು, ಹೆತ್ತವಳು ಹೋಗಿ ಅವನ ಕೈಗೆ ಮುತ್ತಿಡಬೇಕು, ಅದು ನನ್ನಿಂದ ಆಗುವುದಿಲ್ಲ ಎಂದಳು. ಓಹೋ, ಇದಾ ವಿಷಯ ಎಂದುಕೊಂಡೆ. ಮಗನನ್ನು ಬಿಟ್ಟುಕೊಡಲಾರದ ಮುದುಕಿ ನನ್ನನ್ನು ಕೊಕ್ಕೆ ಮಾಡಿಕೊಂಡಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ. ಆ ವಯಸ್ಸಿನಲ್ಲಿ ನನಗೆ ಜನರ ಮನಸ್ಸು ಬಹಳ ಬೇಗ ಅರ್ಥವಾಗುತ್ತಿತ್ತು.

ದಾರಿ ಕಂಡುಹಿಡಿದವರು ಉಪದೇಶಿ. ಅವರು ಊರಿನವರೇ, ನಮ್ಮ ಪದ್ಧತಿ ಬಲ್ಲವರು. ಹಕ್ಕು ಇರುವುದು ಹುಡುಗಿಗೆ. ಅವಳೇ ‘ಆಗಲಿ, ಹೋಗು’ ಅಂದುಬಿಟ್ಟರೆ ಆಮೇಲೆ ಅಜ್ಜಿಗೆ ಮಾತಾಡಲು ಏನೂ ಉಳಿಯುವುದಿಲ್ಲ ಎಂದು ಗುರುಗಳಿಗೆ ಹೇಳಿದರು. ಚರ್ಚಿನ ನಿಯಮ ಸೋತ ಕಡೆ ಊರಿನ ನಿಯಮ ಕೆಲಸಕ್ಕೆ ಬಂತು. ಶುಕ್ರವಾರ ಮಧ್ಯಾಹ್ನ ನನ್ನನ್ನು ಕರೆಸಿದರು. ಅಜ್ಜಿ ಆಫೀಸಿನ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತಳು. ಮಾವ ಅಂಗಳದಲ್ಲಿ ಅಡ್ಡಾಡುತ್ತಿದ್ದ. ಕಿಟಕಿಯಿಂದ ಅವನ ಬಿಳಿ ಅಂಗಿ ಆ ಕಡೆಯಿಂದ ಈ ಕಡೆಗೆ ಹೋಗುವುದು ಕಾಣುತ್ತಿತ್ತು.

ಗುರುಗಳು ನನಗೆ ಒಂದು ಬಿಳಿ ಹಾಳೆ ಕೊಟ್ಟರು. ಯಾರ ಒತ್ತಾಯವೂ ಇಲ್ಲದೆ ನಿನ್ನ ಮನಸ್ಸಿನಲ್ಲಿ ಇರುವುದನ್ನು ಬರೆ ಎಂದರು. ನನ್ನ ಮನಸ್ಸಿನಲ್ಲಿ ಏನಿತ್ತು? ಅವನನ್ನು ಮದುವೆಯಾಗುವ ಆಸೆ ಇರಲಿಲ್ಲ, ಖಂಡಿತ ಇರಲಿಲ್ಲ. ಆದರೆ ಆ ವಾರವೆಲ್ಲ ಗುರುಗಳು, ಉಪದೇಶಿ, ನನ್ನ ಅಪ್ಪ, ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಒಬ್ಬ ಮನುಷ್ಯನ ಇಡೀ ಬದುಕು ನನ್ನ ಒಂದು ಸಾಲಿನ ಮೇಲೆ ನಿಂತಿತ್ತು. ಆ ಸಾಲನ್ನು ದೊಡ್ಡ ಮನಸ್ಸಿನಿಂದ ಬರೆಯುವವಳಾಗಬೇಕು ಎಂಬ ಆಸೆ ಇತ್ತು. ‘ನನ್ನ ಸೋದರಮಾವನವರು ಗುರುದೀಕ್ಷೆ ಪಡೆಯಲು ನನ್ನ ಯಾವ ಅಡ್ಡಿಯೂ ಇಲ್ಲ. ಸಂತೋಷದಿಂದ ಬಿಟ್ಟುಕೊಡುತ್ತೇನೆ’ ಎಂದು ಬರೆದೆ. ಅಷ್ಟು ದುಂಡಗಿನ ಅಕ್ಷರವನ್ನು ಪರೀಕ್ಷೆಯಲ್ಲೂ ಬರೆದಿರಲಿಲ್ಲ. ಗುರುಗಳು ಓದಿ ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಹಿಗ್ಗಿಹೋದೆ.

ಹೊರಗೆ ಬಂದಾಗ ಮಾವ ಅಡ್ಡಾಡುವುದನ್ನು ನಿಲ್ಲಿಸಿ ಏನಾಯಿತು ಎಂದು ಕೇಳಿದ. ಬರೆದುಕೊಟ್ಟೆ, ನೀನು ಬಿಡುಗಡೆಯಾದೆ ಎಂದೆ. ಅವನು ‘ಹೌದಾ’ ಅಂದು ಕಾಲಿನ ಹತ್ತಿರ ನೆಲ ನೋಡಿದ. ಕೃತಜ್ಞತೆಗೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ. ಅಜ್ಜಿ ಕಟ್ಟೆಯಿಂದ ಇಳಿದು, ಏನನ್ನೂ ಕೇಳದೆ, ಆಫೀಸಿನೊಳಗೆ ಹೋಗಿ ಅಡ್ಡಿ ಹಿಂತೆಗೆದುಕೊಂಡ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದಳು.

ಗುರುದೀಕ್ಷೆ ಗಂಗಾವತಿಯ ಮೈದಾನದಲ್ಲಿ ನಡೆಯಿತು. ಗುರುದೀಕ್ಷೆ ಪಡೆಯುವವನನ್ನು ತಂದೆತಾಯಿ ನಡೆಸಿಕೊಂಡು ಹೋಗಿ ಬಿಷಪ್ಪರ ಮುಂದೆ ನಿಲ್ಲಿಸುವುದು ವಾಡಿಕೆ. ಅಜ್ಜ ತೀರಿಕೊಂಡಿದ್ದರಿಂದ ಅಜ್ಜಿ ಒಬ್ಬಳೇ ಅವನ ಮುಂಗೈ ಹಿಡಿದು ನಡೆದಳು. ಆಮೇಲೆ ಸಂತರ ಹೆಸರುಗಳ ಪ್ರಾರ್ಥನೆ ಹಾಡುತ್ತಿದ್ದಷ್ಟು ಹೊತ್ತೂ ಅವನು ವೇದಿಕೆಯ ಮೇಲೆ ಮುಖ ಕೆಳಗೆ ಮಾಡಿ ಬೋರಲು ಮಲಗಿದ್ದ. ಅಲ್ಲಿದ್ದ ಎಲ್ಲರಿಗೂ ಕಣ್ಣು ತುಂಬಿ ಬರುವ ಹೊತ್ತು ಅದು. ನನಗೂ ಬಂತು. ಅಜ್ಜಿಗೆ ಬರಲಿಲ್ಲ. ಅವಳು ಅವನ ಅಂಗಾಲನ್ನು ನೋಡುತ್ತ ಕೂತಿದ್ದಳು. ಪೂಜೆಯ ಕೊನೆಗೆ ಅವನ ಕೈಗೆ ಮುತ್ತಿಡಲು ಸಾಲು ನಿಂತಾಗ ಅವಳೂ ನಿಂತಳು, ಮುತ್ತಿಟ್ಟಳು, ಎಲ್ಲರ ಹಾಗೆ ‘ಫಾದರ್’ ಎಂದಳು. ಅಂಥ ಕಷ್ಟವೇನೂ ಆದಂತೆ ಕಾಣಲಿಲ್ಲ. ಊಟಕ್ಕೆ ಕೂತವರು ಅವಳನ್ನು ತೋರಿಸಿ ನಕ್ಕರು. ಅವಳು ಬಡಿಸಿಕೊಂಡು ಉಂಡಳು.

ಮಾವನನ್ನು ಮೊದಲು ಕುಷ್ಟಗಿ ಕಡೆ ಹಾಕಿದರು, ಆಮೇಲೆ ಯಲಬುರ್ಗಾ ಕಡೆ. ಒಳ್ಳೆಯ ಪಾದ್ರಿ ಎಂಬ ಹೆಸರು ಬಂತು. ಮೋಟರ್ ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗುತ್ತಿದ್ದ, ಪೂಜೆಯ ನಡುವಿನ ಪ್ರಸಂಗ ಚಿಕ್ಕದಾಗಿ ಮಾಡುತ್ತಿದ್ದ, ಹಾಸಿಗೆ ಹಿಡಿದವರ ಮನೆಗೆ ಕರೆಯದೆಯೂ ಹೋಗುತ್ತಿದ್ದ. ಅವನು ದೀಕ್ಷೆ ಪಡೆದ ನಾಲ್ಕನೇ ವರ್ಷ ನನ್ನ ಮದುವೆ ಗೊತ್ತಾಯಿತು. ಹುಡುಗ ತಳಕಲ್ ಕಡೆಯವನು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅದೇ ಹೊತ್ತಿಗೆ ನಮ್ಮ ವಿಚಾರಣಾ ಗುರುಗಳು ಕಾಯಿಲೆಯೆಂದು ತಮ್ಮ ಊರಿಗೆ ಹೋದರು. ಅವರು ಬರುವ ತನಕ ನಮ್ಮ ಚರ್ಚು ನೋಡಿಕೊಳ್ಳಲು ಮಾವನನ್ನು ಕಳಿಸಿದರು. ಹೀಗಾಗಿ ಮದುವೆಗೆ ಮುಂಚಿನ ವಿಚಾರಣೆ ಅವನೇ ಮಾಡಬೇಕಾಯಿತು.

ವಿಚಾರಣೆ ಎಂದರೆ ಅಚ್ಚು ಹಾಕಿದ ಒಂದು ಫಾರಂ. ಹುಡುಗನನ್ನೂ ಹುಡುಗಿಯನ್ನೂ ಬೇರೆ ಬೇರೆ ಕೂಡಿಸಿ ಪಾದ್ರಿ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುತ್ತಾರೆ. ಅದೇ ಆಫೀಸು, ಅದೇ ಮೇಜು. ಮುಂಚೆ ಮದುವೆ ಆಗಿದೆಯೇ, ಬೇರೆಯವರಿಗೆ ಮಾತು ಕೊಟ್ಟಿದ್ದೀಯಾ ಎಂಬಲ್ಲಿ ನಾನು ನಕ್ಕೆ. ಅವನೂ ನಕ್ಕು ‘ಇಲ್ಲ’ ಎಂದು ಬರೆದುಕೊಂಡ. ಈ ಮದುವೆಗೆ ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ಸ್ವಂತ ಇಚ್ಛೆಯಿಂದ ಒಪ್ಪಿದ್ದೀಯಾ ಎಂಬ ಪ್ರಶ್ನೆ ಬಂತು. ಒಪ್ಪಿದ್ದೇನೆ ಎಂದೆ. ಅವನು ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದ.

“ವಿಚಾರ ಮಾಡಿ ಹೇಳು. ನಾನೂ ಇಂಥಾದೊಂದು ಬರದು ಸಹಿ ಮಾಡಿದ್ದೆ,” ಅಂದ.

ನನಗೆ ಅರ್ಥವಾಗಲಿಲ್ಲ. ಅವನು ನಿಧಾನವಾಗಿ, ಬೇರೆ ಯಾರದೋ ವಿಷಯ ಹೇಳುವವನ ಹಾಗೆ ಹೇಳಿದ. ಕೊನೆಯ ಎರಡು ವರ್ಷದಲ್ಲಿ ಈ ಕೆಲಸ ತನಗಲ್ಲ ಎಂದು ಅವನಿಗೆ ಅನ್ನಿಸಿತ್ತು. ಡೀಕನ್ ಆಗುವ ಹಿಂದಿನ ವಾರವೇ ಹೇಳಬೇಕೆಂದುಕೊಂಡಿದ್ದ. ಅಷ್ಟು ವರ್ಷ ಓದಿಸಿದವರಿಗೆ, ಹೆಮ್ಮೆ ಪಡುತ್ತಿದ್ದ ಓಣಿಗೆ, ಹೇಗೆ ಹೇಳುವುದೆಂದು ಬಾಯಿ ಕಟ್ಟಿತು, ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ ಎಂದು ಬರೆದು ಸಹಿ ಹಾಕಿಬಿಟ್ಟ. ಆಮೇಲೆ ತಾಯಿ ಚರ್ಚಿನಲ್ಲಿ ಎದ್ದು ನಿಂತ ಸುದ್ದಿ ಫೋನಿನಲ್ಲಿ ಬಂದಾಗ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನಿಗೆ ನಿದ್ದೆ ಬಂದಿತ್ತಂತೆ, ಬಹಳ ತಿಂಗಳ ಮೇಲೆ.

“ನಿನ್ನ ಮದಿವಿ ಆಗ್ತಿದ್ದೆ ಅಂತಲ್ಲ,” ಅಂದ. “ಅದು ಯಾವಾಗ್ಲೂ ಇರ್ಲಿಲ್ಲ. ಆದ್ರ ಅವತ್ತು ನೀ ಅಡ್ಡಿ ಐತಿ ಅಂತ ಬರದು ಕೊಟ್ಟಿದ್ರ, ನಾ ಮನಿಗೆ ಬರ್ತಿದ್ದೆ.”

ಈಗ ಏನು ಮಾಡುತ್ತೀ ಎಂದು ಕೇಳಿದೆ. ಈಗ ಕೆಲಸ ಬರುತ್ತದೆ, ಮಾಡುತ್ತೇನೆ, ಜನ ಒಳ್ಳೆಯವರು ಎಂದ. ನಿನ್ನ ಮೇಲೆ ಸಿಟ್ಟಿಲ್ಲ, ಬಾಯಿ ಬಿಡಬೇಕಾದವನು ನಾನು, ಅದನ್ನು ನಿನ್ನ ಮೇಲೆ ಹಾಕಿ ಅಂಗಳದಲ್ಲಿ ಅಡ್ಡಾಡಿದೆ ಎಂದ. ಆಮೇಲೆ ಪೆನ್ನು ತೆಗೆದು, ಫಾರಮ್ಮಿನಲ್ಲಿದ್ದ ಪ್ರಶ್ನೆಯನ್ನು ಮೊದಲಿನಿಂದ ಓದಿದ. ನಾನು ಈ ಸಲ ಯೋಚಿಸಿದೆ. ಲೈನ್‌ಮನ್ನನ ಜೊತೆ ನಾಲ್ಕು ಸಲ ಮಾತಾಡಿದ್ದೆ. ಮನುಷ್ಯ ನನಗೆ ಹಿಡಿಸಿದ್ದ. ಒಪ್ಪಿದ್ದೇನೆ, ಯಾರೂ ಒತ್ತಾಯ ಮಾಡಿಲ್ಲ ಎಂದೆ. ಅವನು ಬರೆದುಕೊಂಡು ಹಾಳೆ ನನ್ನ ಕಡೆ ತಿರುಗಿಸಿದ. ಸಹಿ ಹಾಕುವಾಗ ನನ್ನ ಅಕ್ಷರ ಕೆಟ್ಟುಹೋಯಿತು.

ಮನೆಗೆ ಬಂದಾಗ ಅಜ್ಜಿ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮದುವೆ ಅಡುಗೆಗೆಂದು ತಂದ ಹುಣಸೆ. ನಾನು ಎದುರಿಗೆ ಕೂತೆ. ನಾಲ್ಕು ವರ್ಷದಲ್ಲಿ ಅವಳು ಆ ಭಾನುವಾರದ ಮಾತನ್ನು ನನ್ನ ಹತ್ತಿರ ಎತ್ತಿರಲಿಲ್ಲ. ಊರವರು ನಕ್ಕಾಗ ಉತ್ತರ ಕೊಟ್ಟಿರಲಿಲ್ಲ. ಅವನು ಎಲ್ಲ ಹೇಳಿದ ಎಂದೆ. ಅವಳ ಕೈ ನಿಲ್ಲಲಿಲ್ಲ. ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ರಜೆಗೆ ಬಂದಾಗ ತಟ್ಟೆಯ ಮುಂದೆ ಕೂತು ಉಣ್ಣದೆ ಬರೀ ಅನ್ನ ಕಲಸುವುದನ್ನು ನೋಡಿದರೆ ಗೊತ್ತಾಗುತ್ತದೆ, ಹೆತ್ತವಳಿಗೆ ಇನ್ನೇನು ಬೇಕು ಎಂದಳು. ಹಾಗಾದರೆ ‘ಫಾದರ್’ ಅನ್ನಲಾರೆ ಎಂದು ನನಗೆ ಯಾಕೆ ಹೇಳಿದೆ ಎಂದು ಕೇಳಿದ್ದಕ್ಕೆ, ಅವನೇ ಬಾಯಿ ಬಿಟ್ಟು ಹೇಳದ್ದನ್ನು ನಾನು ಓಣಿಗೆ ಹೇಳಿ ಅವನ ಮಾನ ಕಳೆಯಲಾ ಎಂದಳು.

ನನಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು, ಅವಳ ಮೇಲೆ, ಅವನ ಮೇಲೆ, ನನ್ನ ದುಂಡಗಿನ ಅಕ್ಷರದ ಮೇಲೆ.

“ನನಗೊಬ್ಬಾಕಿಗೆ ಹೇಳಬಹುದಿತ್ತಲ್ಲ ಅಜ್ಜಿ. ಯಾಕ ಹೇಳಲಿಲ್ಲ?”

ಅವಳು ಅಂಟಿದ್ದ ಬೆರಳುಗಳನ್ನು ಸೀರೆಯ ಅಂಚಿಗೆ ಒರೆಸಿಕೊಂಡು ನನ್ನ ಮುಖ ನೋಡಿದಳು.

“ಹೇಳಿದ್ನಲ್ಲಬೇ. ಎಲ್ಲಾರ ಮುಂದ ಎದ್ದ ನಿಂತು ಅಡ್ಡಿ ಐತ್ರಿ ಅಂದೆ. ನೀವೆಲ್ಲಾರೂ ಕೂಡಿ ನಿನ್ನ ಕೇಳಿದ್ರಿ. ಅಂವನ್ನ ಯಾರ್ ಕೇಳಿದ್ರಿ?”